ಗ್ಯಾಸ್ ಕಾರು ಸಿಗ್ನಲ್‌ನಲ್ಲಿ ನಡುಗುತ್ತಿದ್ದರೆ ಮೊದಲು ಇದನ್ನು ನೋಡಿ

ಎಲ್‌ಪಿಜಿ ಕಿಟ್ ಹಾಕಿಸಿದ ಕಾರು ಉಡುಪಿಯ ಕಲ್ಸಂಕದಲ್ಲೋ ಮಂಗಳೂರಿನ ಪಂಪ್‌ವೆಲ್‌ನಲ್ಲೋ ನಿಂತಾಗ ಗಡಗಡ ನಡುಗುತ್ತದೆಯಾ? ಸುಮ್ನೆ ಟ್ಯೂನಿಂಗ್ ಸ್ಕ್ರೂ ತಿರುಗಿಸಬೇಡಿ. ಮೊದಲು ಪೆಟ್ರೋಲ್‌ಗೆ ಹಾಕಿ ನೋಡಿ. ಅಲ್ಲೂ ನಡುಗಿದರೆ ಬರೀ ಕಿಟ್ ಮೇಲೆ ತಪ್ಪು ಹೊರಿಸಬೇಡಿ. ಏರ್ ಫಿಲ್ಟರ್, ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್, ಒಡೆದ ವ್ಯಾಕ್ಯೂಮ್ ಪೈಪು ನೋಡಿ.

ಗ್ಯಾಸ್‌ನಲ್ಲಿ ಮಾತ್ರ ತೊಂದರೆ ಇದ್ದರೂ ಪ್ಲಗ್ ಬಿಡಬೇಡಿ. ಎಲ್‌ಪಿಜಿ ಹೊತ್ತಿಸಲು ಪೆಟ್ರೋಲ್‌ಗಿಂತ ಜಾಸ್ತಿ ವೋಲ್ಟೇಜ್ ಬೇಕು, ಹಾಗಾಗಿ ಪೆಟ್ರೋಲ್‌ನಲ್ಲಿ ಹೇಗೋ ಸುಧಾರಿಸಿಕೊಂಡು ಹೋಗುವ ಸವೆದ ಪ್ಲಗ್, ಬಿರುಕು ಬಿಟ್ಟ ಪ್ಲಗ್ ವೈರು ಗ್ಯಾಸ್‌ಗೆ ಬಂದ ಕೂಡಲೇ ಮಿಸ್ಸಿಂಗ್ (ಕಿಡಿ ತಪ್ಪಿ ಎಂಜಿನ್ ಎಗರುವುದು) ಕೊಡುತ್ತವೆ. ನಮ್ಮ ಕರಾವಳಿಯ ಮಳೆಗಾಲದ ತೇವದಲ್ಲಂತೂ ಕೇಳುವುದೇ ಬೇಡ. ಜಾಸ್ತಿ ಜನ ಇದನ್ನು ಬಿಟ್ಟು ನೇರ ಕಿಟ್ ಬಿಚ್ಚಿಸುತ್ತಾರೆ, ದುಡ್ಡು ದಂಡ ಅಲ್ವಾ?

ಆಮೇಲೆ ರಿಡ್ಯೂಸರ್, ಅಂದರೆ ಟ್ಯಾಂಕಿನ ದ್ರವ ಎಲ್‌ಪಿಜಿಯನ್ನು ಒತ್ತಡ ಇಳಿಸಿ ಅನಿಲ ಮಾಡುವ ಭಾಗ. ಎಂಜಿನ್ ಬಿಸಿಯಾದ ಮೇಲೂ ಅದು ತಣ್ಣಗಿದ್ದರೆ, ಅಥವಾ ಫ್ರಿಜ್ಜಿನ ಒಳಗಿನ ಹಾಗೆ ಬಿಳಿ ಮಂಜು ಕಟ್ಟಿದ್ದರೆ, ಎಂಜಿನ್‌ನ ಬಿಸಿ ಕೂಲಂಟ್ (ಎಂಜಿನ್ ತಣಿಸುವ ದ್ರವ) ಅಲ್ಲಿಗೆ ತಲುಪುತ್ತಿಲ್ಲ ಎಂದೇ ಅರ್ಥ. ಎಂಜಿನ್ ತಣಿದ ಮೇಲೆ ಕೂಲಂಟ್ ಮಟ್ಟ ನೋಡಿ. ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿರಲೂಬಹುದು. ರಿಡ್ಯೂಸರ್ ಒಳಗೆ ಎಣ್ಣೆಯಂಥ ಕಪ್ಪು ಜಿಡ್ಡು ಕೂರುತ್ತದೆ, ಕಾಲ ಕಳೆದಂತೆ ಅದರೊಳಗಿನ ರಬ್ಬರ್ ಪೊರೆ (ಡಯಾಫ್ರಾಮ್) ಗಟ್ಟಿಯಾಗುತ್ತದೆ, ಆಗ ಎಷ್ಟು ಟ್ಯೂನ್ ಮಾಡಿದರೂ ಐಡ್ಲಿಂಗ್ (ನಿಂತಲ್ಲೇ ಎಂಜಿನ್ ಓಡುವುದು) ಒಂದೇ ಹದದಲ್ಲಿ ಇರುವುದಿಲ್ಲ. ಇದನ್ನು ಬಿಚ್ಚುವ ಕೆಲಸ ಗ್ಯಾಸ್ ಕಿಟ್ ಗೊತ್ತಿರುವ ಮೆಕ್ಯಾನಿಕ್‌ಗೇ ಬಿಡಿ. ಸೀಕ್ವೆನ್ಷಿಯಲ್ ಕಿಟ್ (ಒಂದೊಂದು ಸಿಲಿಂಡರ್‌ಗೂ ಬೇರೆ ಇಂಜೆಕ್ಟರ್‌ನಿಂದ ಗ್ಯಾಸ್ ಕೊಡುವಂಥದ್ದು) ಆದರೆ ಗ್ಯಾಸ್ ಫಿಲ್ಟರ್ ಬದಲಿಸಿ, ಇಂಜೆಕ್ಟರ್ ಚೆಕ್ ಮಾಡಿಸಿ. ಹಳೆ ಎಂಜಿನ್‌ಗೆ ಟ್ಯಾಪೆಟ್ ಗ್ಯಾಪ್ (ಎಂಜಿನ್ ವಾಲ್ವ್‌ನ ಸಂದು) ಕೂಡ ಚೆಕ್ ಮಾಡಿಸಿ.

ಗ್ಯಾಸ್ ವಾಸನೆ ಬಂದರೆ ಮಾತ್ರ ಯಾವ ಪರೀಕ್ಷೆಯೂ ಬೇಡ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲಮಟ್ಟದಲ್ಲೇ ನಿಲ್ಲುತ್ತದೆ. ಸ್ಟಾರ್ಟ್ ಮಾಡಬೇಡಿ, ಟ್ಯಾಂಕಿನ ವಾಲ್ವ್ ಮುಚ್ಚಿ, ದೂರ ನಿಂತು ಮೆಕ್ಯಾನಿಕ್‌ಗೆ ಫೋನ್ ಮಾಡಿ.