ಪದರ ಪದರವಾದ ಪಾಲಿಸಿಗಳಲ್ಲಿ ಹೊಣೆಗಾರಿಕೆ ಕ್ಲೇಮನ್ನು ಹಂಚುವ ಕ್ರಮ

ಕಲ್ನಾರಿನ ಧೂಳು ಕಾರ್ಮಿಕರ ಶ್ವಾಸಕೋಶ ಸೇರುವುದಾಗಲಿ, ರಾಸಾಯನಿಕವೊಂದು ಅಂತರ್ಜಲಕ್ಕೆ ಇಳಿಯುವುದಾಗಲಿ ಒಂದು ದಿನದಲ್ಲಿ ಮುಗಿಯುವ ಘಟನೆಯಲ್ಲ. ಹಾನಿ ಹಲವು ವರ್ಷಗಳಿಗೆ ಹಬ್ಬಿರುತ್ತದೆ. ಇತರರಿಗಾದ ಇಂಥ ಹಾನಿಗೆ ತೆರಬೇಕಾದ ಪರಿಹಾರವನ್ನು ಭರಿಸಲು ಸಾಮಾನ್ಯವಾಗಿ ಪ್ರತಿ ವರ್ಷಕ್ಕೂ ಬೇರೆ ಬೇರೆ ವಿಮಾ ಕಂಪನಿಗಳ ಹೊಣೆಗಾರಿಕೆ ಪಾಲಿಸಿಗಳು ಒಂದರ ಮೇಲೊಂದು ಪದರವಾಗಿ ಇರುತ್ತವೆ. ಆದ್ದರಿಂದ ಮೊತ್ತಕ್ಕೆ ಕೈಹಾಕುವ ಮೊದಲು ಹಾನಿ ಯಾವ ವರ್ಷದಿಂದ ಯಾವ ವರ್ಷದವರೆಗೆ ನಡೆಯಿತೆಂಬುದನ್ನು ದಾಖಲೆಗಳಿಂದ ಖಚಿತಪಡಿಸಿಕೊಳ್ಳಿ.

ಬಳಿಕ ಒಂದು ಕೋಷ್ಟಕ ಸಿದ್ಧಪಡಿಸಿ. ಪ್ರತಿ ವರ್ಷದ ಕೆಳಗೆ ಆ ವರ್ಷದ ಪ್ರಾಥಮಿಕ ಪಾಲಿಸಿ (ಮೊದಲು ಹಣ ತೆರುವ ಕೆಳಪದರ), ಅದರ ಮೇಲಿನ ಎಕ್ಸೆಸ್ ಪಾಲಿಸಿಗಳು (ಕೆಳಪದರದ ಮಿತಿ ತೀರಿದ ಮೇಲಷ್ಟೇ ತೆರುವಂಥವು), ಪ್ರತಿ ಪದರದ ಹೊಣೆ ಶುರುವಾಗುವ ಮೊತ್ತ, ಅದರ ಮಿತಿ, ಹಿಂದಿನ ಕ್ಲೇಮುಗಳಿಗೆ ಆಗಲೇ ಕರಗಿಹೋದ ಭಾಗ ಇವಿಷ್ಟನ್ನೂ ಬರೆಯಿರಿ. ವಕೀಲರ ವೆಚ್ಚ ಮಿತಿಯೊಳಗೆ ಸೇರುತ್ತದೆಯೋ ಇಲ್ಲವೋ ಎಂಬುದನ್ನೂ ನಮೂದಿಸಿ, ಏಕೆಂದರೆ ಮೇಲಿನ ಪದರ ಯಾವಾಗ ತೆರೆಯುತ್ತದೆಂಬುದು ಅದರಿಂದಲೇ ಬದಲಾಗಬಹುದು. ವಿಮೆಯೇ ಇಲ್ಲದ ವರ್ಷಗಳನ್ನು ಬಿಟ್ಟುಬಿಡಬೇಡಿ. ಕಾಲಾನುಪಾತದ ಹಂಚಿಕೆಯಲ್ಲಿ, ಅಂದರೆ ಹಾನಿ ನಡೆದ ವರ್ಷಗಳಿಗೆ ತಕ್ಕಂತೆ ಮೊತ್ತವನ್ನು ಹಂಚುವಾಗ, ಅವುಗಳ ಪಾಲು ಸಾಮಾನ್ಯವಾಗಿ ಪಾಲಿಸಿದಾರರ ಮೇಲೆಯೇ ಬೀಳುತ್ತದೆ.

ಇನ್ನು ಹಂಚುವ ವಿಧಾನ. ಹತ್ತು ವರ್ಷ ಸಮನಾಗಿ ನಡೆದ ಹಾನಿಗೆ 40 ಲಕ್ಷ ಪರಿಹಾರ ನಿಗದಿಯಾಗಿದೆ, ಪ್ರತಿ ವರ್ಷವೂ 5 ಲಕ್ಷದ ಪ್ರಾಥಮಿಕ ಪಾಲಿಸಿ ಮತ್ತು ಅದರ ಮೇಲೆ 35 ಲಕ್ಷದ ಎಕ್ಸೆಸ್ ಪಾಲಿಸಿ ಇದೆ ಎಂದಿಟ್ಟುಕೊಳ್ಳಿ. ಕಾಲಾನುಪಾತದಲ್ಲಿ ಹಂಚಿದರೆ ವರ್ಷಕ್ಕೆ 4 ಲಕ್ಷ ಬರುತ್ತದೆ. ಎಲ್ಲವೂ ಪ್ರಾಥಮಿಕ ಪದರದಲ್ಲೇ ತೀರಿ, ಎಕ್ಸೆಸ್ ಕಂಪನಿಗಳು ಏನನ್ನೂ ಕೊಡಬೇಕಾಗುವುದಿಲ್ಲ. ಪಾಲಿಸಿದಾರರು ಒಂದೇ ವರ್ಷವನ್ನು ಆಯ್ದು ಪೂರ್ಣ ಮೊತ್ತ ಕೇಳಬಹುದಾದರೆ, ಆ ವರ್ಷದ ಪ್ರಾಥಮಿಕ ಕಂಪನಿ 5 ಲಕ್ಷವನ್ನೂ ಎಕ್ಸೆಸ್ ಕಂಪನಿ 35 ಲಕ್ಷವನ್ನೂ ತೆರುತ್ತವೆ; ಉಳಿದ ವರ್ಷಗಳ ಕಂಪನಿಗಳಿಂದ ಪಾಲು ವಸೂಲು ಮಾಡುವುದು ಅವುಗಳ ಮುಂದಿನ ಕೆಲಸ. ಅದೇ ಹಾನಿ, ಅದೇ ಪಾಲಿಸಿಗಳು. ಆದರೂ ಫಲಿತಾಂಶಗಳ ನಡುವೆ ಇಷ್ಟು ಅಂತರ. ಹೀಗಾಗಿ ವಿಧಾನವನ್ನು ಅನುಕೂಲ ನೋಡಿ ಆರಿಸುವಂತಿಲ್ಲ, ಪಾಲಿಸಿಯ ಪದಗಳು ಮತ್ತು ಅನ್ವಯವಾಗುವ ಕಾನೂನೇ ಅದನ್ನು ಹೇಳಬೇಕು. ನ್ಯೂಜೆರ್ಸಿಯ ಸರ್ವೋಚ್ಚ ನ್ಯಾಯಾಲಯ 1994ರ ಓವೆನ್ಸ್-ಇಲಿನಾಯ್ ತೀರ್ಪಿನಲ್ಲಿ ವರ್ಷಗಳ ಜೊತೆಗೆ ಪಾಲಿಸಿ ಮಿತಿಗಳನ್ನೂ ತೂಗಿ ಹಂಚಲು ಸೂಚಿಸಿತು. ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ 2020ರ ಮಾಂಟ್ರೋಸ್ ಪ್ರಕರಣದಲ್ಲಿ, ಎಕ್ಸೆಸ್ ಪಾಲಿಸಿ ತೆರೆಯಲು ಅದೇ ಅವಧಿಯ ಕೆಳಪದರ ತೀರಿದರೆ ಸಾಕು, ಬೇರೆ ವರ್ಷಗಳ ಕೆಳಪದರಗಳೆಲ್ಲ ಬರಿದಾಗಬೇಕಿಲ್ಲ ಎಂದಿತು.

ಮರುವಿಮೆಯ, ಅಂದರೆ ವಿಮಾ ಕಂಪನಿ ತನ್ನ ಹೊರೆಗೆ ಇನ್ನೊಂದು ಕಂಪನಿಯಿಂದ ಪಡೆದ ವಿಮೆಯ ಲೆಕ್ಕ ಇದಾದ ಮೇಲೆ ಬರಬೇಕು. ಕೋಟಾ ಷೇರ್ ಒಪ್ಪಂದವಾದರೆ ಕಂಪನಿ ತೆತ್ತದ್ದರಲ್ಲಿ ನಿಗದಿತ ಪ್ರತಿಶತವನ್ನು ಮರುವಿಮೆದಾರರು ಭರಿಸುತ್ತಾರೆ, ಅಲ್ಲಿ ಗೊಂದಲ ಕಡಿಮೆ. ಕಂಪನಿ ಒಂದು ಮೊತ್ತದವರೆಗೆ ತಾನೇ ಹೊತ್ತು, ಅದನ್ನು ಮೀರಿದ್ದನ್ನು ಮರುವಿಮೆದಾರರು ಭರಿಸುವ ಎಕ್ಸೆಸ್ ಆಫ್ ಲಾಸ್ ಒಪ್ಪಂದದಲ್ಲಿ ಎಚ್ಚರ ಬೇಕು. ಮೇಲಿನ ಉದಾಹರಣೆಯ ಎಕ್ಸೆಸ್ ಕಂಪನಿ ತನ್ನಲ್ಲಿ 10 ಲಕ್ಷ ಉಳಿಸಿಕೊಂಡು ಮಿಕ್ಕದ್ದಕ್ಕೆ ಮರುವಿಮೆ ಮಾಡಿಸಿದ್ದರೆ, ಒಂದೇ ವರ್ಷಕ್ಕೆ ಹೊರೆ ಹಾಕಿದಾಗ ಮರುವಿಮೆದಾರರು 25 ಲಕ್ಷ ಕೊಡಬೇಕು. ಕಾಲಾನುಪಾತದಲ್ಲಾದರೆ ಏನೂ ಇಲ್ಲ. ಮರುವಿಮೆ ಹೆಚ್ಚು ಸಿಗುವ ವರ್ಷಕ್ಕೇ ನಷ್ಟವನ್ನು ತುಂಬುವ ಆಸೆ ಹುಟ್ಟುವುದು ಇಲ್ಲಿಯೇ. ಇಂಗ್ಲೆಂಡಿನ ಕೋರ್ಟ್ ಆಫ್ ಅಪೀಲ್ 2019ರಲ್ಲಿ, ಮರುವಿಮೆದಾರ ಎಕ್ವಿಟಾಸ್ ಮತ್ತು ವಿಮಾ ಕಂಪನಿ ಎಂಎಂಐ ನಡುವಿನ ಕಲ್ನಾರು ಪ್ರಕರಣದಲ್ಲಿ, ಪ್ರತಿ ವರ್ಷದ ಅಪಾಯಕ್ಕೆ ತಕ್ಕಂತೆ ಕ್ಲೇಮು ಮಂಡಿಸಬೇಕೆಂದು ಹೇಳಿ ಅದಕ್ಕೆ ತಡೆಯೊಡ್ಡಿತು. ನ್ಯೂಯಾರ್ಕಿನ ಅತ್ಯುನ್ನತ ನ್ಯಾಯಾಲಯ 2013ರಲ್ಲಿ ಬೇರೆ ದಾರಿ ಹಿಡಿಯಿತು: ಹಂಚಿಕೆ ವಸ್ತುನಿಷ್ಠವಾಗಿ ಸಮಂಜಸವಾಗಿದ್ದರೆ, ಅದು ಕಂಪನಿಗೆ ಲಾಭಕರವೆಂಬ ಒಂದೇ ಕಾರಣಕ್ಕೆ ತಿರಸ್ಕೃತವಾಗದು.

ಮರುವಿಮೆಯ ಈ ಎರಡು ತೀರ್ಪುಗಳಲ್ಲಿ ಯಾವುದು ಅನ್ವಯಿಸಿದರೂ, ರಾಜಿ ಮಾಡಿಕೊಳ್ಳುವ ಹೊತ್ತಿನಲ್ಲೇ ಹಂಚಿಕೆಯ ಕಾರಣಗಳನ್ನು ಕಡತದಲ್ಲಿ ಬರೆದಿಡುವುದು ಅತ್ಯಗತ್ಯವೆಂದು ನಾನು ಭಾವಿಸುತ್ತೇನೆ. ಮೇಲ್ಪದರದ ಕಂಪನಿಗಳಿಗೂ ಮರುವಿಮೆದಾರರಿಗೂ ಮುಂಚಿತವಾಗಿಯೇ ನೋಟಿಸು ಕಳಿಸಿ. ಪಾಲಿಸಿದಾರರೊಂದಿಗಿನ ರಾಜಿಯಲ್ಲಿ ಒಂದು ಆಧಾರ, ಮರುವಿಮೆಯ ಬಿಲ್ಲಿನಲ್ಲಿ ಇನ್ನೊಂದು ಆಧಾರ ಕಾಣಿಸಿದರೆ, ಆ ವ್ಯತ್ಯಾಸಕ್ಕೆ ಲಿಖಿತ ಕಾರಣ ಕಡತದಲ್ಲಿಯೇ ಇರಬೇಕು.