ಹೆಸರಲ್ಲಿ ಎಎಂಡಿ, ಒಳಗೆ ಇಂಟೆಲ್: ಸರಿಯಾದ ಐಎಸ್‌ಒ ಆರಿಸಲು ನಾನು ಕಲಿತದ್ದು

ಡೆಬಿಯನ್ ಅನ್ನುವ ಲಿನಕ್ಸ್ ಸಿಸ್ಟಮ್ ಹಾಕಿಕೊಳ್ಳಬೇಕೆಂದು ಮೊದಲ ಸಲ ಕೂತಾಗ, ಐಎಸ್‌ಒ ಅಂದರೆ ಇನ್‌ಸ್ಟಾಲ್ ಮಾಡಲು ಇಳಿಸಿಕೊಳ್ಳುವ ಡಿಸ್ಕ್ ಫೈಲ್‌ಗಳ ಡೌನ್‌ಲೋಡ್ ಪಟ್ಟಿಯಲ್ಲಿ ಎಎಂಡಿ64, ಐ386, ಐಎ64 ಅಂತ ಹೆಸರುಗಳು ಸಾಲಾಗಿದ್ದವು. ನನ್ನ ಲ್ಯಾಪ್‌ಟಾಪ್ ಮೇಲೆ ಇಂಟೆಲ್ ಸ್ಟಿಕ್ಕರ್ ಇತ್ತು, ಎಎಂಡಿ ಅದರ ಪ್ರತಿಸ್ಪರ್ಧಿ ಕಂಪನಿ, ಹಾಗಾಗಿ ಎಎಂಡಿ64 ನನಗಲ್ಲ ಅಂದುಕೊಂಡೆ. ಐಎ ಅಂದರೆ ಇಂಟೆಲ್ ಆರ್ಕಿಟೆಕ್ಚರ್ (ಪ್ರೊಸೆಸರ್‌ನ ಮೂಲ ವಿನ್ಯಾಸ), 64 ಅಂದರೆ 64-ಬಿಟ್, ಇದೇ ಸರಿ ಅಂತ ಐಎ64 ಇಳಿಸಿಕೊಂಡು ಡಿವಿಡಿಗೆ ಬರೆದೆ. ಬೂಟ್ ಆಗಲಿಲ್ಲ. ಡಿವಿಡಿ ಕೆಟ್ಟಿರಬೇಕೆಂದು ಇನ್ನೊಂದಕ್ಕೆ ನಿಧಾನದ ವೇಗದಲ್ಲಿ ಬರೆದೆ. ಅದೂ ಆಗಲಿಲ್ಲ. ಫೈಲ್ ಸರಿಯಾಗಿ ಇಳಿದಿದೆಯಾ ಅಂತ ತಿಳಿಸುವ ಚೆಕ್‌ಸಮ್ ಸಂಖ್ಯೆ ತಾಳೆ ನೋಡಿದರೆ ಪಕ್ಕಾ ಇತ್ತು. ಫೈಲಿನಲ್ಲಿ ದೋಷವೇ ಇರಲಿಲ್ಲ. ಅದು ಇಟಾನಿಯಂ ಅನ್ನುವ ಬೇರೆಯದೇ ಪ್ರೊಸೆಸರ್‌ಗೆಂದು ಮಾಡಿದ್ದಾಗಿತ್ತು.

ಈ ಹೆಸರುಗಳ ಹಿಂದಿನ ಕಥೆ ಗೊತ್ತಾದ ಮೇಲೆ ಗೊಂದಲ ಹೋಯಿತು. ಇಂಟೆಲ್ 64-ಬಿಟ್ ಸರ್ವರ್‌ಗಳಿಗಾಗಿ ಹೊಸದಾಗಿ ಕಟ್ಟಿದ ಆರ್ಕಿಟೆಕ್ಚರ್ ಐಎ64. ಅದರ ಮೊದಲ ಇಟಾನಿಯಂ ಬಂದದ್ದು 2001ರಲ್ಲಿ. ಮಾಮೂಲಿ ಪಿಸಿಗಳ ಎಕ್ಸ್86 ಪ್ರೊಸೆಸರ್‌ಗೆಂದು ಬರೆದ ಹಳೆಯ ಪ್ರೋಗ್ರಾಮ್‌ಗಳು ಅದರ ಮೇಲೆ ಕುಂಟುತ್ತಿದ್ದವು. ಎಎಂಡಿ ಕಂಪನಿ ಬೇರೆ ದಾರಿ ಹಿಡಿಯಿತು. ಹಳೆಯ 32-ಬಿಟ್ ಎಕ್ಸ್86 ಆದೇಶಗಳನ್ನು ಹಾಗೇ ಉಳಿಸಿಕೊಂಡು, ಅದರ ಮೇಲೇ 64-ಬಿಟ್ ಬೆಳೆಸಿತು. 2003ರಲ್ಲಿ ಅದರ ಆಪ್ಟೆರಾನ್ ಪ್ರೊಸೆಸರ್ ಹೀಗೆ ಬಂತು. ಮರುವರ್ಷವೇ ಇಂಟೆಲ್ ಕೂಡ ಅದೇ ವಿನ್ಯಾಸವನ್ನು ತನ್ನ ಚಿಪ್‌ಗಳಿಗೆ ತಂದುಕೊಂಡಿತು. ಮಾಡಿದವರ ಹೆಸರು ಫೈಲಿಗೆ ಅಂಟಿಕೊಂಡು ಉಳಿಯಿತು, ಅಷ್ಟೇ. ಎಎಂಡಿ64, ಎಕ್ಸ್64, ಎಕ್ಸ್86_64 ಮೂರೂ ಒಂದೇ. ಇವು ಪ್ರೊಸೆಸರ್‌ಗೆ ಅರ್ಥವಾಗುವ ಭಾಷೆಯ ಹೆಸರೇ ಹೊರತು ಅದನ್ನು ಮಾರುವ ಕಂಪನಿಯ ಹೆಸರಲ್ಲ. ಐ386 ಅನ್ನುವುದೂ ಹಾಗೆಯೇ, 1985ರ ಇಂಟೆಲ್ 80386 ಚಿಪ್‌ನಿಂದ ಬಂದ ಹೆಸರು. ಈಗ ಅದನ್ನು 32-ಬಿಟ್ ಎಕ್ಸ್86 ಅಂತ ಓದಿಕೊಂಡರೆ ಸಾಕು.

ಇದಕ್ಕಿಂತ ದೊಡ್ಡ ನಷ್ಟ ಆದದ್ದು ಇನ್ನೊಂದು ಕಂಪ್ಯೂಟರ್‌ನಲ್ಲಿ. 4 ಜಿಬಿ ರ‍್ಯಾಮ್ ಹಾಕಿಸಿದ್ದೆ, ವಿಂಡೋಸ್ ಮಾತ್ರ 3 ಜಿಬಿ ಚಿಲ್ಲರೆಯಷ್ಟೇ ಬಳಸಿಕೊಳ್ಳುತ್ತಿತ್ತು. ರ‍್ಯಾಮ್ ತೆಗೆದು ಒರೆಸಿ ಮತ್ತೆ ಕೂರಿಸಿದೆ, ಸ್ಲಾಟ್ ಬದಲಿಸಿದೆ. ಕಾರಣ ಲೆಕ್ಕದಲ್ಲಿತ್ತು. 32 ಬಿಟ್‌ಗಳಲ್ಲಿ ಬರೆಯಬಹುದಾದ ಮೆಮೊರಿ ವಿಳಾಸಗಳು 4,29,49,67,296. ಒಂದು ವಿಳಾಸಕ್ಕೆ ಒಂದು ಬೈಟ್, ಒಟ್ಟು 4 ಜಿಬಿ. ಆದರೆ ಆ ವಿಳಾಸಗಳಲ್ಲಿ ಗ್ರಾಫಿಕ್ಸ್ ಕಾರ್ಡ್ ಮತ್ತಿತರ ಸಾಧನಗಳಿಗೂ ಪಾಲು ಕೊಡಬೇಕು. ಅವು ಹಿಡಿದುಕೊಂಡಷ್ಟು ಜಾಗದ ರ‍್ಯಾಮ್‌ಗೆ ವಿಳಾಸವೇ ಉಳಿಯುವುದಿಲ್ಲ. ಆ ಕಂಪ್ಯೂಟರ್‌ನ ಪ್ರೊಸೆಸರ್ 64-ಬಿಟ್ ಆಗಿದ್ದೂ, ಯಾರೋ ಹಾಕಿಕೊಟ್ಟ 32-ಬಿಟ್ ಸಿಸ್ಟಮ್‌ನಲ್ಲಿ ಎರಡು ವರ್ಷ ಕೆಲಸ ಮಾಡಿದ್ದೆ.

ಅವತ್ತಿನಿಂದ ನಾನು ಈಗಿರುವ ಸಿಸ್ಟಮ್ ಯಾವುದು ಅಂತ ನೋಡಿ ತೀರ್ಮಾನ ಮಾಡುವುದಿಲ್ಲ, ಪ್ರೊಸೆಸರ್ ಏನು ಅಂತಲೇ ವಿಚಾರಿಸುತ್ತೇನೆ. ವಿಂಡೋಸ್ 10ರಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಸಿಸ್ಟಮ್, ಅದರೊಳಗೆ ಅಬೌಟ್ ತೆರೆದರೆ ‘ಸಿಸ್ಟಮ್ ಟೈಪ್’ ಅನ್ನುವ ಸಾಲಿನಲ್ಲಿ ಎರಡು ತುಂಡು ಇರುತ್ತವೆ: ಮೊದಲು ಆಪರೇಟಿಂಗ್ ಸಿಸ್ಟಮ್ ಎಷ್ಟು ಬಿಟ್, ಅಲ್ಪವಿರಾಮದ ನಂತರ ಪ್ರೊಸೆಸರ್ ಯಾವುದು. ಮೊದಲ ತುಂಡಿನಲ್ಲಿ 32-ಬಿಟ್, ಎರಡನೆಯದರಲ್ಲಿ ಎಕ್ಸ್64 ಅಂತಿದ್ದರೆ ನನ್ನ ಆ ಹಳೆಯ ಕಂಪ್ಯೂಟರ್‌ನ ಕಥೆಯೇ.

ಲಿನಕ್ಸ್‌ನಲ್ಲಿ ತುಂಬಾ ಜನ ‘ಯುನೇಮ್ -ಎಂ’ ಕೊಟ್ಟು ನೋಡಿ ಅಂತಾರೆ. ಆ ಕಮಾಂಡ್ ಹೇಳುವುದು ಓಡುತ್ತಿರುವ ಕರ್ನೆಲ್, ಅಂದರೆ ಸಿಸ್ಟಮ್‌ನ ತಿರುಳಿನ ಬಗ್ಗೆ. 64-ಬಿಟ್ ಪ್ರೊಸೆಸರ್ ಮೇಲೆ 32-ಬಿಟ್ ಕರ್ನೆಲ್ ಇದ್ದರೆ ಅದು ಐ686, ಅಂದರೆ 32-ಬಿಟ್ ಅಂತಲೇ ತೋರಿಸುತ್ತದೆ. ನಾನು ‘ಎಲ್‌ಎಸ್‌ಸಿಪಿಯು’ ಕೊಡುತ್ತೇನೆ. ಅದರಲ್ಲಿ ‘ಸಿಪಿಯು ಆಪ್-ಮೋಡ್’ ಅನ್ನುವ ಸಾಲು ಮುಖ್ಯ. ಅಲ್ಲಿ 32-ಬಿಟ್ ಜೊತೆ 64-ಬಿಟ್ ಕೂಡ ಇದ್ದರೆ ಪ್ರೊಸೆಸರ್‌ಗೆ ಎರಡೂ ಬರುತ್ತದೆ. ಪ್ರೊಸೆಸರ್‌ಗೆ ಏನೇನು ಬರುತ್ತದೆ ಅಂತ ಹೇಳುವ ಫ್ಲ್ಯಾಗ್‌ಗಳ ಉದ್ದ ಪಟ್ಟಿಯಲ್ಲಿ ‘ಎಲ್‌ಎಂ’ ಅನ್ನುವ ಎರಡಕ್ಷರ ಹುಡುಕಿದರೂ ಆಯಿತು. ಲಾಂಗ್ ಮೋಡ್, ಅಂದರೆ 64-ಬಿಟ್ ಇದೆ ಅಂತ.

ಇಷ್ಟೆಲ್ಲ ನೋಡಿಯೂ ಒಂದು ಸಲ ಸಿಕ್ಕಿಹಾಕಿಕೊಂಡೆ. ಕೀಬೋರ್ಡ್ ಬಿಚ್ಚಿ ಟ್ಯಾಬ್ಲೆಟ್ ಮಾಡಬಹುದಾದ ಒಂದು ಪುಟ್ಟ ಯಂತ್ರ, ಒಳಗೆ ಇಂಟೆಲ್ ಆಟಮ್, ಬೇ ಟ್ರೇಲ್ ಪೀಳಿಗೆಯದು. ಪ್ರೊಸೆಸರ್ 64-ಬಿಟ್ ಅನ್ನುವುದರಲ್ಲಿ ಅನುಮಾನ ಇರಲಿಲ್ಲ. ಆದರೂ ಎಎಂಡಿ64 ಪೆನ್‌ಡ್ರೈವ್ ಚುಚ್ಚಿದರೆ ಬೂಟ್ ಮೆನುವಿನಲ್ಲಿ ಅದರ ಹೆಸರೇ ಬರುತ್ತಿರಲಿಲ್ಲ. ಅದರ ಯುಇಎಫ್‌ಐ ಫರ್ಮ್‌ವೇರ್ (ಯಂತ್ರ ಆನ್ ಆದ ಕೂಡಲೇ ಓಡಿ ಸಿಸ್ಟಮ್ ಎಬ್ಬಿಸುವ ಪ್ರೋಗ್ರಾಮ್) 32-ಬಿಟ್ ಆಗಿತ್ತು! ಅಂಥ ಫರ್ಮ್‌ವೇರ್ ಪೆನ್‌ಡ್ರೈವ್‌ನಲ್ಲಿ ಹುಡುಕುವುದು ‘ಬೂಟ್‌ಐಎ32’ ಅನ್ನುವ ಫೈಲನ್ನು. ನನ್ನ ಪೆನ್‌ಡ್ರೈವ್‌ನಲ್ಲಿ ಇದ್ದದ್ದು ‘ಬೂಟ್‌ಎಕ್ಸ್64’ ಮಾತ್ರ. 32-ಬಿಟ್ ಬೂಟ್‌ಲೋಡರ್ ಸೇರಿಸಿದ ಮೇಲೆ ಅದೇ 64-ಬಿಟ್ ಸಿಸ್ಟಮ್ ಸರಾಗವಾಗಿ ಎದ್ದಿತು. ಈಗಿನ ಯಂತ್ರಗಳಲ್ಲಿ ಈ ಕಾಟ ಕಾಣಸಿಗುವುದು ಅಪರೂಪ.

ಫೋನ್‌ಗಳಲ್ಲಿ ಹೆಚ್ಚಾಗಿ ಕಾಣುವ ಆರ್ಮ್ ಪ್ರೊಸೆಸರ್ ಇದ್ದರೆ ಇಲ್ಲಿಯವರೆಗಿನ ಫೈಲ್ ಯಾವುದೂ ನಡೆಯುವುದಿಲ್ಲ. ಅದರ ಭಾಷೆಯೇ ಬೇರೆ, ಫೈಲ್ ಹೆಸರಿನಲ್ಲಿ ಆರ್ಮ್64 ಇರಬೇಕು. ಅಲ್ಲಿಯೂ ಹಳೆಯ ಪಾಠವೇ. 2016ರಲ್ಲಿ ಬಂದ ಪುಟ್ಟ ಆರ್ಮ್ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 3ರಲ್ಲಿ 64-ಬಿಟ್ ಚಿಪ್ ಇತ್ತು, ಅದರ ಅಧಿಕೃತ ಸಿಸ್ಟಮ್ 64-ಬಿಟ್‌ನಲ್ಲಿ ಪೂರ್ಣವಾಗಿ ಬಿಡುಗಡೆಯಾದದ್ದು 2022ರಲ್ಲಿ. ಅಷ್ಟು ವರ್ಷ ಪ್ರೊಸೆಸರ್ ಒಂದು, ಸಿಸ್ಟಮ್ ಇನ್ನೊಂದು.

ಕಡಿಮೆ ರ‍್ಯಾಮ್ ಇದ್ದರೆ 32-ಬಿಟ್ ಒಳ್ಳೆಯದಲ್ಲವಾ ಅಂತ ಈಗಲೂ ಕೇಳುತ್ತಾರೆ. 64-ಬಿಟ್‌ನಲ್ಲಿ ಒಂದೊಂದು ವಿಳಾಸ ಬರೆಯಲು 4 ಬೈಟ್ ಬದಲು 8 ಬೈಟ್ ಬೇಕು, ಹಾಗಾಗಿ ಮೆಮೊರಿ ಸ್ವಲ್ಪ ಹೆಚ್ಚು ಹಿಡಿಯುವುದು ನಿಜ. ಆದರೂ ಪ್ರೊಸೆಸರ್‌ಗೆ ಬರುತ್ತದೆ ಅಂದರೆ 2 ಜಿಬಿ ಯಂತ್ರಕ್ಕೂ ನಾನು 64-ಬಿಟ್ಟನ್ನೇ ಹಾಕುತ್ತೇನೆ. ಇನ್ನೊಂದು ಲಿನಕ್ಸ್ ಆದ ಉಬುಂಟು ತನ್ನ 32-ಬಿಟ್ ಡೆಸ್ಕ್‌ಟಾಪ್ ಐಎಸ್‌ಒವನ್ನು 17.10 ಆವೃತ್ತಿಯಿಂದಲೇ ನಿಲ್ಲಿಸಿದೆ. ವಿಂಡೋಸ್ 11ಕ್ಕೆ 32-ಬಿಟ್ ಆವೃತ್ತಿಯೇ ಇಲ್ಲ. 2025ರಲ್ಲಿ ಬಂದ ಡೆಬಿಯನ್ 13ಕ್ಕೆ ಐ386 ಇನ್‌ಸ್ಟಾಲರ್ ಇಲ್ಲ. ಹಳೆಯ 16-ಬಿಟ್ ಪ್ರೋಗ್ರಾಮ್ ಓಡಿಸಲೇಬೇಕಾದವರ ಮಾತು ಬೇರೆ, 64-ಬಿಟ್ ವಿಂಡೋಸ್ ಅದನ್ನು ಮುಟ್ಟುವುದಿಲ್ಲ. ಇನ್ನೊಂದು ಮಾತು: 32-ಬಿಟ್ ವಿಂಡೋಸ್ ಮೇಲೇ 64-ಬಿಟ್‌ಗೆ ಅಪ್‌ಗ್ರೇಡ್ ಮಾಡಲು ಬರುವುದಿಲ್ಲ, ಹೊಸದಾಗಿ ಇನ್‌ಸ್ಟಾಲ್ ಮಾಡಬೇಕು. ಫೈಲ್‌ಗಳ ಬ್ಯಾಕಪ್ ಮೊದಲು ತೆಗೆಯಿರಿ. ಹಳೆಯ ಪ್ರಿಂಟರ್, ಸ್ಕ್ಯಾನರ್ ಇದ್ದರೆ ಅವಕ್ಕೆ 64-ಬಿಟ್ ಡ್ರೈವರ್ ಸಿಗುತ್ತದಾ ಅಂತಲೂ ಆಗಲೇ ನೋಡಿಕೊಳ್ಳಿ.

ನನ್ನ ಹತ್ತಿರ ಆಟಮ್ ಎನ್270 ಇರುವ ನೆಟ್‌ಬುಕ್ ಒಂದು ಇನ್ನೂ ಇದೆ. ಎಲ್‌ಎಸ್‌ಸಿಪಿಯು ಕೊಟ್ಟರೆ ‘ಸಿಪಿಯು ಆಪ್-ಮೋಡ್’ ಸಾಲಿನಲ್ಲಿ 32-ಬಿಟ್ ಒಂದೇ ಬರುತ್ತದೆ. ಪರೀಕ್ಷೆಗೆಂದು ಎಎಂಡಿ64 ಪೆನ್‌ಡ್ರೈವ್ ಹಾಕಿದಾಗ, ಈ ಕರ್ನೆಲ್‌ಗೆ ಎಕ್ಸ್86-64 ಸಿಪಿಯು ಬೇಕು, ಇಲ್ಲಿ ಸಿಕ್ಕಿದ್ದು ಐ686 ಮಾತ್ರ ಅಂತ ಕಪ್ಪು ಪರದೆಯ ಮೇಲೆ ಎರಡು ಸಾಲು ಬರೆದು ನಿಂತುಬಿಟ್ಟಿತು. ಅದಕ್ಕೆ ಡೆಬಿಯನ್ 12ರ ಐ386 ಹಾಕಿಟ್ಟಿದ್ದೇನೆ.