ಮನುಷ್ಯ ಮೇಲಾ ಪ್ರಾಣಿ ಮೇಲಾ ಅಂತ ವಾದಕ್ಕೆ ಕೂರೋ ಮುಂಚೆ

ಈ ವಾದ ಶುರುವಾದ್ರೆ ಮುಗಿಯೋದೇ ಇಲ್ಲ. ಒಬ್ಬ ನಾವು ಚಂದ್ರನ ಮೇಲೆ ಕಾಲಿಟ್ಟೋರು ಅಂತಾನೆ, ಇನ್ನೊಬ್ಬ ಬಾಂಬ್ ಹಾಕೋರೂ ನಾವೇ ಅಂತಾನೆ, ಇಬ್ರೂ ಬೇರೆ ಬೇರೆ ವಿಷಯ ಮಾತಾಡ್ತಿದಾರೆ ಅನ್ನೋದು ಇಬ್ರಿಗೂ ಗೊತ್ತಾಗಲ್ಲ. ನಾನೂ ಸುಮಾರು ಸಲ ಗಂಟಲು ಹರ್ಕೊಂಡಿದೀನಿ, ಈಗ ಸ್ವಲ್ಪ ಬುದ್ಧಿ ಬಂದಿದೆ.

ಫಸ್ಟು "ಯಾವುದ್ರಲ್ಲಿ ಮೇಲು?" ಅಂತ ಕೇಳಿ, ಉತ್ತರ ಬರೋ ತನಕ ಮುಂದೆ ಹೋಗ್ಲೇಬೇಡಿ. ಮೈ ಕಸುವು ಅಂದ್ರೆ ನಾವು ಲೆಕ್ಕಕ್ಕೇ ಇಲ್ಲ. 2022ರಲ್ಲಿ ಐದು ತಿಂಗಳ ಒಂದು ಗಾಡ್‌ವಿಟ್ ಹಕ್ಕಿ ಅಲಾಸ್ಕಾದಿಂದ ಟ್ಯಾಸ್ಮೇನಿಯಾಕ್ಕೆ 11 ದಿನದಲ್ಲಿ 13,560 ಕಿಲೋಮೀಟರ್ ಎಲ್ಲೂ ಇಳೀದೆ ಹಾರ್ತು, ಊಟ ಇಲ್ಲ ನೀರಿಲ್ಲ.

"ಬುದ್ಧೀಲಿ" ಅಂತಾರೆ ಆಗ. ಬುದ್ಧಿ ಅನ್ನೋದು ಒಂದೇ ಗಂಟಲ್ಲ, ಬಿಚ್ಚಿ ನೋಡಿ. ಜಪಾನಿನ ಕ್ಯೋಟೋ ಯೂನಿವರ್ಸಿಟೀಲಿ ಆಯುಮು ಅಂತ ಒಂದು ಚಿಂಪಾಂಜಿ. ಸ್ಕ್ರೀನ್ ಮೇಲೆ ಅಂಕಿಗಳು ಚೆಲ್ಲಾಪಿಲ್ಲಿ ಬರ್ತವೆ, ಕಣ್ಣು ಮಿಟುಕಿಸೋಷ್ಟರಲ್ಲಿ ಎಲ್ಲಾ ಬಿಳಿ ಚೌಕ ಆಗ್ಬಿಡ್ತವೆ, ಅದು ಆರಾಮಾಗಿ ಒಂದ್ರಿಂದ ಕ್ರಮವಾಗಿ ಮುಟ್ಕೊಂಡು ಹೋಗುತ್ತೆ. 2007ರಲ್ಲಿ ಕಾಲೇಜು ಹುಡುಗರು ಅದ್ರ ಮುಂದೆ ಸೋತ್ರು. ಆದ್ರೆ ಇದನ್ನ ಹೇಳೋವಾಗ ಅರ್ಧ ಹೇಳ್ಬೇಡಿ, ಆಯುಮುಗೆ ಸಿಕ್ಕಾಪಟ್ಟೆ ಪ್ರಾಕ್ಟೀಸ್ ಇತ್ತು, ಆಮೇಲೆ ಪ್ರಾಕ್ಟೀಸ್ ಮಾಡಿದ ಮನುಷ್ಯರೂ ಅದ್ರ ಮಟ್ಟಕ್ಕೆ ಬಂದ್ರು.

ಪ್ರಶ್ನೆಪತ್ರಿಕೆ ಯಾರು ತೆಗೆದಿದ್ದು ಅಂತಾನೂ ನೋಡಿ. 1970ರಲ್ಲಿ ಗ್ಯಾಲಪ್ ಅನ್ನೋ ವಿಜ್ಞಾನಿ ಪ್ರಾಣಿ ತನ್ನನ್ನ ತಾನೇ ಗುರುತು ಹಿಡಿಯುತ್ತಾ ಅಂತ ನೋಡೋಕೆ ಕನ್ನಡಿ ಪರೀಕ್ಷೆ ಮಾಡಿದ್ರು, ಮುಖಕ್ಕೆ ಬಣ್ಣ ಹಚ್ಚಿ ಕನ್ನಡಿ ಮುಂದೆ ಬಿಟ್ರೆ ಚಿಂಪಾಂಜಿ ತನ್ನ ಮುಖಾನೇ ಮುಟ್ಕೊಳ್ತು. ನಾಯಿ ಇದ್ರಲ್ಲಿ ಫೇಲು. ಆದ್ರೆ ನಾಯಿಗೆ ಪ್ರಪಂಚ ಇರೋದೇ ಮೂಗಲ್ಲಿ, ಪರೀಕ್ಷೆನ ವಾಸನೇಲಿ ಇಟ್ಟಿದ್ರೆ ನಾವು ಪಾಸಾಗ್ತಿದ್ವಾ? ಮನುಷ್ಯಂಗೂ ಪ್ರಾಣಿಗೂ ನಡುವಿನ ಗೆರೆ ಅಳಿಸಿ ಅಳಿಸಿ ಎಳೆಯೋ ಚಾಳೀನೂ ನಮಗಿದೆ. ಸಲಕರಣೆ ಮಾಡೋನೇ ಮನುಷ್ಯ ಅಂತಿದ್ರು, 1960ರಲ್ಲಿ ಆಫ್ರಿಕಾದ ಟಾಂಜಾನಿಯಾದಲ್ಲಿ ಗೊಂಬೆ (Gombe) ಅನ್ನೋ ಕಾಡಲ್ಲಿ ಚಿಂಪಾಂಜಿಗಳು ಕಡ್ಡಿ ಎಲೆ ಕಿತ್ತು ಸವರಿ ಹುತ್ತದೊಳಗೆ ತೂರಿಸಿ ಗೆದ್ದಲು ತಿನ್ನೋದನ್ನ ಚಿಂಪಾಂಜಿಗಳ ಅಧ್ಯಯನ ಮಾಡ್ತಿದ್ದ ಜೇನ್ ಗುಡಾಲ್ ನೋಡಿದ್ಮೇಲೆ ಆ ಮಾತು ಕೈಬಿಡ್ಬೇಕಾಯ್ತು.

ಹಾಗಂತ ಪ್ರಾಣಿಪ್ರೀತೀಲಿ ತೇಲಿಹೋಗ್ಬೇಡಿ. ಜರ್ಮನೀಲಿ ಹ್ಯಾನ್ಸ್ ಅಂತ ಕುದುರೆ ಕಾಲು ಕುಟ್ಟಿ ಲೆಕ್ಕ ಮಾಡುತ್ತೆ ಅಂತ ಜನ ಮುಗಿಬಿದ್ದಿದ್ರು, 1907ರಲ್ಲಿ ನೋಡಿದ್ರೆ ಕೇಳೋನ ಮುಖ, ತಲೆ ಸಣ್ಣಗೆ ಅಲ್ಲಾಡೋದನ್ನ ಗಮನಿಸಿ ನಿಲ್ಲಿಸ್ತಿತ್ತು ಅಷ್ಟೆ. (ನನ್ ಪ್ರಕಾರ ಅದು ಲೆಕ್ಕಕ್ಕಿಂತ ದೊಡ್ಡ ಜಾಣತನ, ಇರ್ಲಿ.)

ನಮ್ದು ನಿಜವಾಗ್ಲೂ ಬೇರೆ ಅನ್ನಿಸೋದು ಒಬ್ಬರು ಕಲಿತಿದ್ದನ್ನ ಮುಂದಿನೋರಿಗೆ ಕೊಟ್ಟು, ಅವರು ಅದ್ರ ಮೇಲೆ ಇನ್ನೊಂಚೂರು ಕಟ್ಟೋದು. ಸಿಡುಬು ಭೂಮಿ ಮೇಲಿಂದಾನೇ ಹೋಯ್ತು ಅಂತ 1980ರಲ್ಲಿ ಘೋಷಣೆ ಆಯ್ತಲ್ಲ, ಅಂಥದ್ದನ್ನ ಇನ್ಯಾವ ಪ್ರಾಣಿನೂ ಮಾಡಿಲ್ಲ. ಅದ್ರಲ್ಲಿ ನನ್ನ ಪಾಲೇನು ಅಂತ ಮಾತ್ರ ಕೇಳ್ಬೇಡಿ, ನನ್ನ ಒಬ್ಬನ್ನೇ ಕಾಡಲ್ಲಿ ಬಿಟ್ರೆ ಬೆಂಕಿ ಹಚ್ಚೋಕೂ ಬರಲ್ಲ.

ಕೊನೇಗೆ, ನಾವೇ ಮೇಲು ಅಂತ ಒಪ್ಕೊಂಡು "ಸರಿ, ಅದ್ರಿಂದ ಏನು ಹಕ್ಕು ಬಂತು?" ಅಂತ ಕೇಳಿ. ಲೆಕ್ಕದಲ್ಲಿ ಜಾಣ ಅಂತ ದಡ್ಡನ್ನ ಹೊಡೆಯೋಕಾಗುತ್ತಾ? ಎದುರಿನೋರು ಸುಮ್ನಾದ್ರೆ ಬೀಗ್ಬೇಡಿ, "ಹಾಗಾದ್ರೆ ನೀವು ಸೊಳ್ಳೆ ಹೊಡೆಯಲ್ವಾ?" ಅಂತ ಕೇಳೇ ಕೇಳ್ತಾರೆ. ಹೊಡೀತೀನಿ ಅಂತ ಒಪ್ಕೊಂಡ್ಬಿಡಿ. ಕಚ್ಚುತ್ತೆ ಅಂತ ಹೊಡೆಯೋದು, ನಮಗಿಂತ ಕೀಳು ಅಂತ ಅಲ್ಲ.